ಆ್ಯಪ್ ಹೇಳಿದ ದೂರಕ್ಕೇ ಫೋಕಸ್ ಮಾಡಿದರೂ ಬೆಟ್ಟ ಮಸುಕಾಗುವುದೇಕೆ?

ಪ್ರಶ್ನೆ: ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ ಕ್ಯಾಮೆರಾ ಇದೆ. ನಿಸರ್ಗದ ಚಿತ್ರಗಳಿಗೆ 18 ಮಿ.ಮೀ. ಫೋಕಲ್ ಲೆಂತ್ ಹಾಗೂ ಎಫ್ 8 ಅಪರ್ಚರ್ ಇಟ್ಟುಕೊಂಡು, ಡೆಪ್ತ್ ಆಫ್ ಫೀಲ್ಡ್ (ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ದೂರದ ವ್ಯಾಪ್ತಿ) ಕ್ಯಾಲ್ಕ್ಯುಲೇಟರ್ ಆ್ಯಪ್ ಸೂಚಿಸುವ ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡುತ್ತೇನೆ. 1 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ ಎಂದು ಆ್ಯಪ್ ಹೇಳುತ್ತದೆ. ಆದರೆ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ದೂರದ ಬೆಟ್ಟಗಳು ಮಸುಕಾಗಿರುತ್ತವೆ. ಇದೇ ವಿವರಗಳನ್ನು ಕೊಟ್ಟರೆ ಇನ್ನೊಂದು ಆ್ಯಪ್ 1.37 ಮೀಟರ್ ಎನ್ನುತ್ತದೆ. 50 ಮಿ.ಮೀ. ಎಫ್ 1.8 ಲೆನ್ಸ್‌ನಲ್ಲಿ ವ್ಯಕ್ತಿಚಿತ್ರ ತೆಗೆಯುವಾಗಲೂ ಕೆಲವೊಮ್ಮೆ ಕಣ್ಣುಗಳು ಸ್ಪಷ್ಟವಾಗಿ ಬರುವುದಿಲ್ಲ. ಈ ಆ್ಯಪ್‌ಗಳನ್ನು ನಂಬಬಹುದೇ?

ಉತ್ತರ: ನಿಮ್ಮ ಮೊದಲ ಆ್ಯಪ್ ಲೆಕ್ಕದಲ್ಲಿ ತಪ್ಪಿಲ್ಲ. ನೀವು ಕೊಟ್ಟ ವಿವರಗಳಿಗೆ ಅದು 2.04 ಮೀಟರ್ ಎಂದೇ ಹೇಳಬೇಕು, ಹಾಗೆಯೇ ಹೇಳಿದೆ. ಆದರೆ ಆ ಲೆಕ್ಕ ಹುಟ್ಟಿದ್ದು ಸುಮಾರು 25 ಸೆಂ.ಮೀ. ಅಗಲದ ಮುದ್ರಿತ ಚಿತ್ರವನ್ನು ಅಷ್ಟೇ ದೂರದಲ್ಲಿ ಹಿಡಿದು ನೋಡುವವರಿಗಾಗಿ. ನೀವು ಅದರ ಫಲವನ್ನು ಪರೀಕ್ಷಿಸುತ್ತಿರುವುದು ಕಂಪ್ಯೂಟರಿನ ಪರದೆಯ ಮೇಲೆ, ನೂರಕ್ಕೆ ನೂರರಷ್ಟು ಹಿಗ್ಗಿಸಿ. ನಿಮ್ಮ ಗೊಂದಲದ ಬಹುಪಾಲು ಇಲ್ಲಿಂದಲೇ ಹುಟ್ಟಿದೆ. ಆದ್ದರಿಂದ ಮೊದಲು ಇದನ್ನೇ ಬಿಡಿಸಿ ಹೇಳುತ್ತೇನೆ.

ಲೆನ್ಸ್ ಒಂದು ಸಲಕ್ಕೆ ಒಂದೇ ದೂರಕ್ಕೆ ನಿಖರವಾಗಿ ಫೋಕಸ್ ಆಗಬಲ್ಲದು. ಆ ದೂರದಲ್ಲಿರುವ ಬಿಂದು ಸೆನ್ಸರ್ ಮೇಲೆ ಬಿಂದುವಾಗಿಯೇ ಮೂಡುತ್ತದೆ. ಅದಕ್ಕಿಂತ ಹತ್ತಿರವಿರುವ ಅಥವಾ ದೂರವಿರುವ ಪ್ರತಿಯೊಂದು ಬಿಂದುವೂ ಚಿಕ್ಕದೋ ದೊಡ್ಡದೋ ಆದ ಒಂದು ಮಸುಕಿನ ಬಿಲ್ಲೆಯಾಗಿ ಮೂಡುತ್ತದೆ. ಬಿಲ್ಲೆ ಎಷ್ಟು ಚಿಕ್ಕದಿದ್ದರೆ ನಮ್ಮ ಕಣ್ಣು ಅದನ್ನು ಬಿಂದುವೆಂದೇ ಒಪ್ಪಿಕೊಳ್ಳುತ್ತದೆ ಎಂಬ ಮಿತಿಗೆ ಸರ್ಕಲ್ ಆಫ್ ಕನ್ಫ್ಯೂಷನ್ ಎಂದು ಹೆಸರು. ಕೈಯಲ್ಲಿ ಹಿಡಿದು ನೋಡುವ ಮುದ್ರಣದ ಮೇಲೆ 0.2 ಮಿ.ಮೀ. ಅಗಲದ ಬಿಲ್ಲೆಯನ್ನು ಸಾಮಾನ್ಯ ದೃಷ್ಟಿಯವರು ಬಿಂದುವೆಂದೇ ಭಾವಿಸುತ್ತಾರೆ ಎಂಬುದು ಹಳೆಯ ಅಂದಾಜು. ಎಪಿಎಸ್-ಸಿ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ.; ಅದರ ಚಿತ್ರವನ್ನು 25 ಸೆಂ.ಮೀ. ಅಗಲಕ್ಕೆ ಮುದ್ರಿಸಿದರೆ ಸುಮಾರು ಹತ್ತೂವರೆ ಪಟ್ಟು ಹಿಗ್ಗಿಸಿದಂತಾಗುತ್ತದೆ. ಹಾಗಾಗಿ ಸೆನ್ಸರ್ ಮೇಲೆ 0.02 ಮಿ.ಮೀ. ಬಿಲ್ಲೆಯವರೆಗೆ ರಿಯಾಯಿತಿ ಸಿಕ್ಕಿತು. 36×24 ಮಿ.ಮೀ.ನ ಫುಲ್ ಫ್ರೇಮ್ ಸೆನ್ಸರಿಗೆ ಇದೇ ತರ್ಕದಿಂದ 0.03 ಮಿ.ಮೀ., ಎಪಿಎಸ್-ಸಿಗಿಂತಲೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿಗೆ 0.015 ಮಿ.ಮೀ. ಬಳಕೆಗೆ ಬಂದವು. ಆ್ಯಪ್‌ನಲ್ಲಿ ಕ್ಯಾಮೆರಾದ ಹೆಸರನ್ನು ಆರಿಸಿದಾಗ ನೀವು ವಾಸ್ತವವಾಗಿ ಆರಿಸುತ್ತಿರುವುದು ಈ ಒಂದು ಸಂಖ್ಯೆಯನ್ನು ಮಾತ್ರ. ಸೆನ್ಸರಿನಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದನ್ನು ಬಹುತೇಕ ಆ್ಯಪ್‌ಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ ನಿಮ್ಮ ಪರದೆಯ ಕಡೆಗೆ ಬರೋಣ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 6000 ಪಿಕ್ಸೆಲ್. ಇಂಚಿಗೆ 96 ಪಿಕ್ಸೆಲ್ ಇರುವ ಸಾಮಾನ್ಯ ಮಾನಿಟರಿನಲ್ಲಿ ಅದನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸುವುದೆಂದರೆ, ಸುಮಾರು 1.6 ಮೀಟರ್ ಅಗಲದ ಮುದ್ರಣವೊಂದರ ಮುಂದೆ ಅರ್ಧ ಮೀಟರ್ ದೂರದಲ್ಲಿ ಕುಳಿತು ಅದರ ಒಂದು ಮೂಲೆಯನ್ನು ನೋಡಿದಂತೆ. ಸೆನ್ಸರ್ ಮೇಲಿನ 0.02 ಮಿ.ಮೀ. ಬಿಲ್ಲೆ ಅಲ್ಲಿ 1.35 ಮಿ.ಮೀ. ಅಗಲಕ್ಕೆ ಹಿಗ್ಗುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ ಹೇಳುವುದಾದರೆ ಬಿಂದುವಾಗಬೇಕಿದ್ದದ್ದು 5 ಪಿಕ್ಸೆಲ್ ಅಗಲಕ್ಕೆ ಹರಡಿಕೊಂಡಿರುತ್ತದೆ. ಅದು ಕಣ್ಣಿಗೆ ಕಾಣದೇ ಇರಲು ಸಾಧ್ಯವಿಲ್ಲ.

ಇದರ ಜೊತೆಗೆ ಹೈಪರ್‌ಫೋಕಲ್ ದೂರದ ಸ್ವಭಾವವೂ ಸೇರಿಕೊಳ್ಳುತ್ತದೆ. ಅನಂತದಲ್ಲಿರುವ ವಸ್ತುವಿನ ಮಸುಕು, ಒಪ್ಪಬಹುದಾದ ಕಟ್ಟಕಡೆಯ ಮಿತಿಯನ್ನು ಸರಿಯಾಗಿ ಮುಟ್ಟುವಂತೆ ಫೋಕಸ್ ಮಾಡಿದ ದೂರವೇ ಹೈಪರ್‌ಫೋಕಲ್ ದೂರ; ಆ್ಯಪ್ ನಿಮಗೆ ಸೂಚಿಸಿದ್ದೂ ಇದನ್ನೇ. ಅಂದರೆ ಆ ವಿಧಾನವನ್ನು ಅನುಸರಿಸಿದಾಗಲೆಲ್ಲ ನಿಮ್ಮ ಬೆಟ್ಟಗಳಿಗೆ ಸಿಗುವುದು ‘ಪಾಸಾಗಲು ಬೇಕಾದಷ್ಟೇ’ ಅಂಕ. 2 ಮೀಟರ್ ದೂರದ ಕಲ್ಲಿಗೆ ಪೂರ್ಣ ಸ್ಪಷ್ಟತೆ ಸಿಗುತ್ತದೆ, ಅದು ನಿಮ್ಮ ಚಿತ್ರದ ವಿಷಯವೇ ಆಗಿರದಿದ್ದರೂ. ಸ್ಪಷ್ಟ ವಲಯದ ಎರಡು ಅಂಚುಗಳನ್ನು ಆ್ಯಪ್‌ಗಳು ಹಸಿರು ಪಟ್ಟಿ ಬಳಿದು ಗೋಡೆಯಂತೆ ತೋರಿಸುವುದರಿಂದ ಪಟ್ಟಿಯೊಳಗೆ ಎಲ್ಲವೂ ಸಮಾನವಾಗಿ ಸ್ಪಷ್ಟವೆಂಬ ಭಾವನೆ ಬರುತ್ತದೆ; ನಿಜದಲ್ಲಿ ಫೋಕಸ್ ಮಾಡಿದ ಜಾಗದಿಂದ ಆಚೀಚೆ ಹೋದಂತೆಲ್ಲ ಸ್ಪಷ್ಟತೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ.

ಎರಡನೆಯ ಆ್ಯಪ್ 1.37 ಮೀಟರ್ ಎಂದದ್ದಕ್ಕೆ ಕಾರಣ ಸರಳ: ಅದು ನಿಮ್ಮ ಕ್ಯಾಮೆರಾವನ್ನು ಫುಲ್ ಫ್ರೇಮ್ ಎಂದು ಭಾವಿಸಿದೆ. ಸೂತ್ರವನ್ನು ನೀವೇ ಮಾಡಿ ನೋಡಬಹುದು. ಫೋಕಲ್ ಲೆಂತ್‌ನ ವರ್ಗವನ್ನು ಅಪರ್ಚರ್ ಸಂಖ್ಯೆ ಮತ್ತು ಸರ್ಕಲ್ ಆಫ್ ಕನ್ಫ್ಯೂಷನ್‌ಗಳ ಗುಣಲಬ್ಧದಿಂದ ಭಾಗಿಸಿ, ಬಂದದ್ದಕ್ಕೆ ಫೋಕಲ್ ಲೆಂತ್ ಕೂಡಿಸಿದರೆ ಹೈಪರ್‌ಫೋಕಲ್ ದೂರ ಮಿಲಿಮೀಟರಿನಲ್ಲಿ ಸಿಗುತ್ತದೆ. 18ರ ವರ್ಗ 324. ಅದನ್ನು 8 × 0.02 = 0.16ರಿಂದ ಭಾಗಿಸಿದರೆ 2025, 18 ಕೂಡಿಸಿದರೆ 2043. ಇದೇ ಲೆಕ್ಕದಲ್ಲಿ 0.03 ಇಟ್ಟರೆ 1368, ಅಂದರೆ 1.37 ಮೀಟರ್. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸೆನ್ಸರ್ ಗಾತ್ರವನ್ನು ಸರಿಪಡಿಸಿದರೆ ಎರಡೂ ಒಂದೇ ಉತ್ತರ ಕೊಡುತ್ತವೆ. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪನ್ನೂ ಅನೇಕರು ಮಾಡುತ್ತಾರೆ. ಸೆನ್ಸರನ್ನು ಎಪಿಎಸ್-ಸಿ ಎಂದು ಸರಿಯಾಗಿಯೇ ಆರಿಸಿ, ಫೋಕಲ್ ಲೆಂತ್ ಜಾಗದಲ್ಲಿ 18ರ ಬದಲು, ಫುಲ್ ಫ್ರೇಮ್‌ಗೆ ಸಮನೆಂದು ಹೇಳುವ, ಅದರ ಒಂದೂವರೆ ಪಟ್ಟಾದ 27 ಎಂದು ಬರೆಯುತ್ತಾರೆ. ಆಗ ಉತ್ತರ 4.58 ಮೀಟರಿಗೆ ಜಿಗಿಯುತ್ತದೆ. ಆ್ಯಪ್‌ಗೆ ಯಾವಾಗಲೂ ಲೆನ್ಸ್ ಮೇಲೆ ಬರೆದಿರುವ ನಿಜವಾದ ಫೋಕಲ್ ಲೆಂತ್ ಅನ್ನೇ ಕೊಡಬೇಕು.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಇಷ್ಟು: ಆ್ಯಪ್‌ನಲ್ಲಿ ಸರ್ಕಲ್ ಆಫ್ ಕನ್ಫ್ಯೂಷನ್ ಸಂಖ್ಯೆಯನ್ನು ಅರ್ಧಕ್ಕೆ, ಅಂದರೆ 0.01 ಮಿ.ಮೀ.ಗೆ ಇಳಿಸಿ. ಆಗ ಹೈಪರ್‌ಫೋಕಲ್ ದೂರ 4.07 ಮೀಟರ್ ಆಗುತ್ತದೆ. ಮುನ್ನೆಲೆ ಪೂರ್ತಿ ಕೈತಪ್ಪಿಹೋಗುತ್ತದೆ ಎಂದು ಹೆದರಬೇಕಿಲ್ಲ. 4.07 ಮೀಟರಿಗೆ ಫೋಕಸ್ ಮಾಡಿದಾಗ, ಹಳೆಯ 0.02ರ ಅಳತೆಗೋಲಿನಲ್ಲಿಯೇ ನೋಡಿದರೆ, ಹತ್ತಿರದ ಮಿತಿ 1.02 ಮೀಟರಿನಿಂದ 1.36 ಮೀಟರಿಗೆ ಸರಿಯುತ್ತದೆ ಅಷ್ಟೆ. ಮುಂದಿನ 34 ಸೆಂ.ಮೀ. ನೆಲವನ್ನು ಬಿಟ್ಟುಕೊಟ್ಟಿದ್ದಕ್ಕೆ ಪ್ರತಿಯಾಗಿ ಬೆಟ್ಟದ ಮಸುಕು 5 ಪಿಕ್ಸೆಲ್‌ನಿಂದ ಎರಡೂವರೆ ಪಿಕ್ಸೆಲ್‌ಗೆ ಇಳಿಯುತ್ತದೆ. ಇನ್ನೂ ಮುಂದೆ ಹೋಗಿ 10 ಮೀಟರಿಗೆ ಫೋಕಸ್ ಮಾಡಿದರೆ ಬೆಟ್ಟದ ಮಸುಕು ಸುಮಾರು ಒಂದೇ ಪಿಕ್ಸೆಲ್ ಆಗುತ್ತದೆ, ಹತ್ತಿರದ ಮಿತಿ 1.69 ಮೀಟರಿನಲ್ಲಿ ನಿಲ್ಲುತ್ತದೆ. ಈ ವಿನಿಮಯ ಎಷ್ಟು ಲಾಭದಾಯಕ ಎಂಬುದನ್ನು ಯಾವ ಆ್ಯಪ್ಪೂ ತಾನಾಗಿ ಹೇಳುವುದಿಲ್ಲ. ಫೋಕಸ್ ದೂರವನ್ನು ಬದಲಿಸುತ್ತ ಬದಲಿಸುತ್ತ ಎರಡೂ ಅಂಚುಗಳನ್ನು ಗಮನಿಸಿದಾಗ ಮಾತ್ರ ತಿಳಿಯುತ್ತದೆ. ಆ್ಯಪ್‌ನಿಂದ ಕಲಿಯಬೇಕಾದ ಅತಿ ಮುಖ್ಯ ವಿಷಯ ಇದೇ ಎಂದು ನಾನು ನಂಬಿದ್ದೇನೆ.

ಒಂದು ಮೀಟರಿನಲ್ಲಿರುವ ಹೂವೂ ಬೇಕು, ಬೆಟ್ಟವೂ ಬೇಕು ಎಂದಾದರೆ ಎಫ್ 11ಕ್ಕೆ ಹೋಗಿ 3 ಮೀಟರಿಗೆ ಫೋಕಸ್ ಮಾಡಿ. ಆಗ ಹತ್ತಿರದ ಅಂಚು 0.02ರ ಮಿತಿಯಲ್ಲಿ ಸುಮಾರು 1 ಮೀಟರಿನಲ್ಲಿರುತ್ತದೆ, ಅನಂತದ ಮಸುಕು 0.01 ಮಿ.ಮೀ.ನಷ್ಟೇ ಇರುತ್ತದೆ.

ಕಿರು ಅಪರ್ಚರ್ ಕಡೆಗೆ, ಅಂದರೆ ದೊಡ್ಡ ಎಫ್ ಸಂಖ್ಯೆಯತ್ತ, ಹೀಗೆ ಸಾಗುವುದಕ್ಕೂ ಒಂದು ಎಲ್ಲೆಯಿದೆ. ಅದನ್ನು ಹೆಚ್ಚಿನ ಆ್ಯಪ್‌ಗಳು ತೋರಿಸುವುದಿಲ್ಲ. ಎಫ್ 16, ಎಫ್ 22 ಎಂದು ಕೊಡುತ್ತ ಹೋದರೆ ಹಸಿರು ಪಟ್ಟಿ ಉದ್ದವಾಗುತ್ತಲೇ ಹೋಗುತ್ತದೆ. ಆದರೆ ಚಿಕ್ಕ ರಂಧ್ರದ ಮೂಲಕ ಹಾಯುವ ಬೆಳಕು ಅಂಚುಗಳಲ್ಲಿ ಬಾಗಿ ಹರಡಿಕೊಳ್ಳುವುದರಿಂದ, ಅಂದರೆ ವಿವರ್ತನೆಯಿಂದ, ನಿಖರವಾಗಿ ಫೋಕಸ್ ಆದ ಬಿಂದು ಕೂಡ ಒಂದು ಬಿಲ್ಲೆಯಾಗುತ್ತದೆ. ಹಸಿರು ಬೆಳಕಿಗೆ ಈ ಬಿಲ್ಲೆಯ ವ್ಯಾಸ ಎಫ್ 8ರಲ್ಲಿ ಸುಮಾರು 0.011 ಮಿ.ಮೀ., ಎಫ್ 11ರಲ್ಲಿ 0.015 ಮಿ.ಮೀ., ಎಫ್ 16ರಲ್ಲಿ 0.021 ಮಿ.ಮೀ. ನಿಮ್ಮ ಸೆನ್ಸರಿನಲ್ಲಿ ಎಫ್ 16 ಬಳಸಿದರೆ ಎಲ್ಲಿಗೆ ಫೋಕಸ್ ಮಾಡಿದರೂ ಚಿತ್ರದ ಯಾವ ಭಾಗವೂ ಎಫ್ 8ರ ಉತ್ತಮ ಭಾಗದಷ್ಟು ಸೂಕ್ಷ್ಮವಾಗಿ ಬರುವುದಿಲ್ಲ. ಎಫ್ 8ರಲ್ಲಿ 0.01ಕ್ಕಿಂತ ಕಟ್ಟುನಿಟ್ಟಾದ ಮಿತಿ ಇಟ್ಟು ಲೆಕ್ಕ ಹಾಕುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದಕ್ಕೂ ಇದೇ ಕಾರಣ. ಟ್ರೂಡಿಒಎಫ್-ಪ್ರೊ ಎಂಬ ಆ್ಯಪ್ ವಿವರ್ತನೆಯನ್ನೂ ಸೇರಿಸಿ ಲೆಕ್ಕ ಮಾಡುತ್ತದೆ. ಫೋಟೋಪಿಲ್ಸ್‌ನಲ್ಲಿ ಮುದ್ರಣದ ಗಾತ್ರ, ನೋಡುವ ದೂರ, ದೃಷ್ಟಿಯ ತೀಕ್ಷ್ಣತೆ ಇವುಗಳನ್ನು ಕೊಟ್ಟು ಸರ್ಕಲ್ ಆಫ್ ಕನ್ಫ್ಯೂಷನ್ ಅನ್ನು ನಾವೇ ನಿರ್ಧರಿಸಬಹುದು. ಆ್ಯಪ್ ಆರಿಸುವಾಗ ನಾನು ಮೊದಲು ನೋಡುವುದು ಈ ಸೌಲಭ್ಯವನ್ನೇ. ಈ ಸಂಖ್ಯೆಯನ್ನು ಬದಲಿಸಲು ಬಿಡದ ಆ್ಯಪ್ ನೋಡಲು ಎಷ್ಟೇ ಅಂದವಾಗಿದ್ದರೂ ಅದನ್ನು ಶಿಫಾರಸು ಮಾಡಲಾರೆ. ಫುಜಿಫಿಲ್ಮ್‌ನ ಹಲವು ಕ್ಯಾಮೆರಾಗಳಲ್ಲಿ ಪರದೆಯ ಮೇಲೆ ಬರುವ ಡೆಪ್ತ್ ಆಫ್ ಫೀಲ್ಡ್ ಪಟ್ಟಿಗೆ ‘ಪಿಕ್ಸೆಲ್ ಆಧಾರ’, ‘ಫಿಲ್ಮ್ ಫಾರ್ಮ್ಯಾಟ್ ಆಧಾರ’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಪಟ್ಟಿಯನ್ನು ತೀರಾ ಕಿರಿದಾಗಿ ತೋರಿಸುತ್ತದೆ, ಎರಡನೆಯದು ಹಿಗ್ಗಿಸಿ ತೋರಿಸುತ್ತದೆ. ಲೆನ್ಸ್ ಒಂದೇ, ದೃಶ್ಯ ಒಂದೇ, ಬದಲಾದದ್ದು ನೋಡುವ ರೀತಿ ಮಾತ್ರ.

ಇನ್ನು, 2 ಮೀಟರಿಗೆ ಫೋಕಸ್ ಮಾಡುತ್ತೇನೆ ಎಂದಿದ್ದೀರಿ. ಅದು 2 ಮೀಟರ್ ಎಂಬುದು ನಿಮಗೆ ಹೇಗೆ ತಿಳಿಯುತ್ತದೆ? ಇಂದಿನ ಅನೇಕ ಲೆನ್ಸ್‌ಗಳ ಮೇಲೆ ದೂರದ ಗುರುತುಗಳೇ ಇರುವುದಿಲ್ಲ. ಇರುವ ಲೆನ್ಸ್‌ಗಳಲ್ಲಿಯೂ ಅಗಲ ಕೋನದಲ್ಲಿ 2 ಮೀಟರಿಗೂ ಅನಂತಕ್ಕೂ ನಡುವೆ ಉಂಗುರ ತಿರುಗುವುದು ತೀರಾ ಸ್ವಲ್ಪ. ಕಣ್ಣಂದಾಜಿನಲ್ಲಿ ಅರ್ಧ ಮೀಟರ್ ತಪ್ಪುವುದು ಸಹಜ. ಆದರೆ ಆ ತಪ್ಪು ಯಾವ ಕಡೆಗೆ ಆಯಿತು ಎಂಬುದು ಬಹಳ ಮುಖ್ಯವಾಗುತ್ತದೆ. 2.04ರ ಬದಲು ಎರಡೂವರೆ ಮೀಟರಿಗೆ ಫೋಕಸ್ ಆದರೆ ಮುನ್ನೆಲೆಯಲ್ಲಿ 10 ಸೆಂ.ಮೀ. ಕಳೆದುಕೊಳ್ಳುತ್ತೀರಿ, ಬೆಟ್ಟ ಇನ್ನಷ್ಟು ಚೆನ್ನಾಗಿ ಬರುತ್ತದೆ. ಒಂದೂವರೆ ಮೀಟರಿಗೆ ಫೋಕಸ್ ಆದರೆ ಸ್ಪಷ್ಟ ವಲಯ ಅನಂತದವರೆಗೆ ಹೋಗುವ ಬದಲು 5.6 ಮೀಟರಿನಲ್ಲೇ ಮುಗಿಯುತ್ತದೆ, ಬೆಟ್ಟದ ಪ್ರತಿ ಬಿಂದುವೂ 7 ಪಿಕ್ಸೆಲ್ ಅಗಲವಾಗುತ್ತದೆ. ಎರಡನೆಯ ಆ್ಯಪ್ ಮಾತು ಕೇಳಿ 1.37 ಮೀಟರಿಗೆ ಫೋಕಸ್ ಮಾಡಿದ್ದರೆ 4.1 ಮೀಟರಿಗೇ ಎಲ್ಲ ಮುಗಿಯುತ್ತಿತ್ತು. ಆದ್ದರಿಂದ ಅನುಮಾನವಿದ್ದಾಗ ಆ್ಯಪ್ ಹೇಳಿದ್ದಕ್ಕಿಂತ ಆಚೆಗೆ ಫೋಕಸ್ ಮಾಡಿ, ಈಚೆಗೆ ಎಂದಿಗೂ ಬೇಡ. ಅಂದಾಜು ದೂರದಲ್ಲಿರುವ ಒಂದು ಕಲ್ಲನ್ನೋ ಗಿಡವನ್ನೋ ಆರಿಸಿ ಆಟೋಫೋಕಸ್ ಮಾಡಿ, ಬಳಿಕ ಮ್ಯಾನುಯಲ್‌ಗೆ ಬದಲಿಸಿ, ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ನೇರ ದೃಶ್ಯದಲ್ಲಿ) ಬೆಟ್ಟವನ್ನೂ ಮುನ್ನೆಲೆಯನ್ನೂ ಹಿಗ್ಗಿಸಿ ನೋಡುವುದು ಯಾವ ಲೆಕ್ಕಕ್ಕಿಂತಲೂ ನಂಬಿಕಾರ್ಹ. ಹಿಗ್ಗಿಸಿ ನೋಡುವಾಗ ಅಪರ್ಚರ್ ನಿಜವಾಗಿ ಎಫ್ 8ಕ್ಕೆ ಕಿರಿದಾಗಿದೆಯೇ ಎಂಬುದನ್ನು ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿ ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಲೆನ್ಸ್ ಪೂರ್ಣ ತೆರೆದಿರುವಾಗಿನ ಮಸುಕನ್ನು ಕಂಡು ಮೋಸಹೋಗುವ ಸಾಧ್ಯತೆಯಿದೆ.

ಅನಂತಕ್ಕೇ ಫೋಕಸ್ ಮಾಡಿಬಿಟ್ಟರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಕೆನಡಾದ ಛಾಯಾಗ್ರಹಣ ಲೇಖಕ ಹೆರಾಲ್ಡ್ ಮರ್ಕ್ಲಿಂಗರ್ ಪ್ರಚಾರಕ್ಕೆ ತಂದ ಒಂದು ವಿಧಾನ ಹೀಗಿದೆ: ಲೆನ್ಸ್ ಅನಂತಕ್ಕೆ ಫೋಕಸ್ ಆಗಿರುವಾಗ ಯಾವುದೇ ದೂರದಲ್ಲಿರುವ ವಸ್ತುವಿನಲ್ಲಿ, ಅಪರ್ಚರಿನ ವ್ಯಾಸಕ್ಕಿಂತ ದೊಡ್ಡದಾದ ವಿವರಗಳು ಉಳಿದುಕೊಳ್ಳುತ್ತವೆ, ಅದಕ್ಕಿಂತ ಚಿಕ್ಕವು ಕರಗಿಹೋಗುತ್ತವೆ. ನಿಮ್ಮ 18 ಮಿ.ಮೀ. ಲೆನ್ಸ್‌ಗೆ ಎಫ್ 8ರಲ್ಲಿ ಈ ವ್ಯಾಸ 2.25 ಮಿ.ಮೀ. ಅಂದರೆ ಮುನ್ನೆಲೆಯಲ್ಲಿರುವುದು ಅಂಗೈಯಗಲದ ಎಲೆಗಳು ಹಾಗೂ ಬಂಡೆಗಳಾಗಿದ್ದರೆ ಅನಂತಕ್ಕೆ ಫೋಕಸ್ ಮಾಡಿದರೂ ಅವು ಚೆನ್ನಾಗಿಯೇ ಗುರುತು ಸಿಗುತ್ತವೆ. ಬಂಡೆಯ ಮೇಲಿನ ನುಣುಪು ಪಾಚಿಯ ಎಳೆಗಳು ಬೇಕೆಂದರೆ ಮಾತ್ರ ಫೋಕಸನ್ನು ಹತ್ತಿರ ತರಬೇಕಾಗುತ್ತದೆ. ಬೆಟ್ಟವೇ ಚಿತ್ರದ ಜೀವಾಳವಾಗಿರುವಲ್ಲಿ ನಾನು ಈ ಮಾರ್ಗವನ್ನೇ ಹಿಡಿಯುತ್ತೇನೆ, ಆ್ಯಪನ್ನು ತೆರೆಯುವುದೂ ಇಲ್ಲ. ನಕ್ಷತ್ರಗಳ ಚಿತ್ರಕ್ಕಂತೂ ಹೈಪರ್‌ಫೋಕಲ್ ದೂರವನ್ನು ಬಳಸಲೇಬಾರದು. ನಕ್ಷತ್ರ ಒಂದು ಬಿಂದು. ಅದರ ಬೆಳಕು 5 ಪಿಕ್ಸೆಲ್ ಅಗಲದ ಬಿಲ್ಲೆಯಾಗಿ ಹರಡಿದರೆ ಮಸುಕಾಗುವುದಷ್ಟೇ ಅಲ್ಲ, ಮಂಕಾಗುತ್ತದೆ, ಕ್ಷೀಣ ನಕ್ಷತ್ರಗಳು ಕಾಣೆಯಾಗಿಯೇ ಹೋಗುತ್ತವೆ.

ಆ್ಯಪನ್ನು ದೂಷಿಸುವ ಮುನ್ನ ಒಂದು ಸರಳ ಪರೀಕ್ಷೆ ಮಾಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಅಪರ್ಚರ್ ಬದಲಿಸದೆ, ಒಮ್ಮೆ 2 ಮೀಟರಿಗೂ ಒಮ್ಮೆ ನೇರವಾಗಿ ಬೆಟ್ಟಕ್ಕೂ ಫೋಕಸ್ ಮಾಡಿ ಎರಡು ಚಿತ್ರ ತೆಗೆಯಿರಿ. ಬೆಟ್ಟಕ್ಕೇ ಫೋಕಸ್ ಮಾಡಿದಾಗಲೂ ಅದು ಮಸುಕಾಗಿಯೇ ಬಂದರೆ ಕಾರಣ ಬೇರೆ: ದೂರದ ನೋಟದಲ್ಲಿ ಮಂಜು, ಧೂಳು, ಬಿಸಿಲಿಗೆ ಅಲೆಯಾಡುವ ಗಾಳಿ ಇವು ಕಸಿದುಕೊಳ್ಳುವ ಸ್ಪಷ್ಟತೆಯನ್ನು ಯಾವ ಲೆಕ್ಕವೂ ಮರಳಿಸಲಾರದು.

ಈಗ ವ್ಯಕ್ತಿಚಿತ್ರದ ವಿಷಯ. 50 ಮಿ.ಮೀ., ಎಫ್ 1.8, ಒಂದೂವರೆ ಮೀಟರ್ ದೂರ ಎಂದು ಕೊಟ್ಟರೆ ಆ್ಯಪ್ ಸುಮಾರು 6.3 ಸೆಂ.ಮೀ. ಆಳ ತೋರಿಸುತ್ತದೆ. ಫೋಕಸ್ ಬಿಂದುವಿನ ಮುಂದೆ 3.1, ಹಿಂದೆ 3.2 ಸೆಂ.ಮೀ. ಸ್ಪಷ್ಟ ವಲಯದ ಮೂರನೇ ಒಂದು ಭಾಗ ಮುಂದೆ, ಎರಡು ಭಾಗ ಹಿಂದೆ ಇರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಆ ಅನುಪಾತ ನಿಜವಾಗುವುದು ಹೈಪರ್‌ಫೋಕಲ್ ದೂರದ ಮೂರನೇ ಒಂದು ಭಾಗಕ್ಕೆ ಫೋಕಸ್ ಮಾಡಿದಾಗ ಮಾತ್ರ. ವ್ಯಕ್ತಿಚಿತ್ರದ ದೂರದಲ್ಲಿ ಅದು ಸಮಸಮವೇ. ಮುಂದೆ ಇರುವ 3.1 ಸೆಂ.ಮೀ. ಎಷ್ಟು ಬೇಗ ಖರ್ಚಾಗಿಬಿಡುತ್ತದೆ ನೋಡಿ. ಚೌಕಟ್ಟಿನ ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕಣ್ಣು ಚೌಕಟ್ಟಿನ ಅಂಚಿನ ಸಮೀಪಕ್ಕೆ ಬರುವಂತೆ ಕ್ಯಾಮೆರಾವನ್ನು 12 ಡಿಗ್ರಿ ಓರೆ ಮಾಡಿದರೆ ಫೋಕಸಿನ ಸಮತಲ ಕಣ್ಣಿನಿಂದ ಸುಮಾರು 3.3 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ನೀವೂ ಅಲುಗಲಿಲ್ಲ, ಎದುರಿದ್ದವರೂ ಅಲುಗಲಿಲ್ಲ, ಆದರೂ ಕಣ್ಣು ಸ್ಪಷ್ಟ ವಲಯದ ಹೊರಗೆ ಬಿತ್ತು. ಉಸಿರಾಟಕ್ಕೆ ಮುಂದೆ ಹಿಂದೆ ತೂಗುವ ದೇಹವೂ ಒಂದೆರಡು ಸೆಂ.ಮೀ. ಕಬಳಿಸುತ್ತದೆ. ಆದ್ದರಿಂದ ಇಲ್ಲಿ ಆ್ಯಪ್‌ನ ಸಂಖ್ಯೆ ಚಿತ್ರ ತೆಗೆಯುವ ಗಳಿಗೆಗಿಂತ ಅಪರ್ಚರ್ ನಿರ್ಧರಿಸುವಾಗ ಉಪಯುಕ್ತ: ಎಫ್ 2.8ಕ್ಕೆ ಹೋದರೆ ಆಳ 9.8 ಸೆಂ.ಮೀ., ಎಫ್ 4ಕ್ಕೆ ಹೋದರೆ 14 ಸೆಂ.ಮೀ. ಆಗುತ್ತದೆ ಎಂಬುದನ್ನು ಒಮ್ಮೆ ಕಂಡುಕೊಂಡರೆ, ಮುಖವನ್ನು ಓರೆಯಾಗಿ ತಿರುಗಿಸಿ ಕುಳಿತವರ ಎರಡೂ ಕಣ್ಣುಗಳು ಬೇಕಾದಾಗ ಎಫ್ 1.8ರ ಮೋಹವನ್ನು ಬಿಡುವುದು ಸುಲಭ. ಫೋಕಸ್ ಬಿಂದುವನ್ನೇ ಕಣ್ಣಿನ ಮೇಲಕ್ಕೆ ಸರಿಸಿ, ಅಥವಾ ಕಣ್ಣನ್ನು ಗುರುತಿಸುವ ಆಟೋಫೋಕಸ್ ಇದ್ದರೆ ಅದನ್ನೇ ಬಳಸಿ. ಫೋಕಸ್ ಮಾಡಿ ಕ್ಯಾಮೆರಾ ತಿರುಗಿಸುವ ಅಭ್ಯಾಸವನ್ನು ಕೈಬಿಡಿ.

ಮ್ಯಾಕ್ರೋ ಚಿತ್ರಗಳಿಗೆ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಚಿತ್ರಗಳಿಗೆ, ಈ ಆ್ಯಪ್‌ಗಳ ದೂರದ ಲೆಕ್ಕವನ್ನು ಅವಲಂಬಿಸಬೇಡಿ. ದೂರವನ್ನು ಸೆನ್ಸರಿನಿಂದ ಅಳೆಯಬೇಕೋ ಲೆನ್ಸ್‌ನಿಂದ ಅಳೆಯಬೇಕೋ ಎಂಬುದೇ ಅಲ್ಲಿ ಉತ್ತರವನ್ನು ಬದಲಿಸಿಬಿಡುತ್ತದೆ. ಹತ್ತಿರಕ್ಕೆ ಫೋಕಸ್ ಮಾಡುವಾಗ ಅನೇಕ ಲೆನ್ಸ್‌ಗಳ ಫೋಕಲ್ ಲೆಂತ್ ಕೂಡ ಕಡಿಮೆಯಾಗುತ್ತದೆ. ಅಲ್ಲಿ ವರ್ಧನೆಯೇ ನಿಜವಾದ ಅಳತೆ. ವಸ್ತುವಿನಷ್ಟೇ ದೊಡ್ಡ ಬಿಂಬ ಸೆನ್ಸರ್ ಮೇಲೆ ಬೀಳುವಾಗ ಎಫ್ 8ರಲ್ಲಿ, 0.02 ಮಿತಿಗೆ, ಒಟ್ಟು ಆಳ 0.64 ಮಿ.ಮೀ. ಮಾತ್ರ, ಫೋಕಸನ್ನು ಹಂತಹಂತವಾಗಿ ಬದಲಿಸಿ ಹಲವು ಚಿತ್ರ ತೆಗೆದು ಜೋಡಿಸುವ ಫೋಕಸ್ ಸ್ಟ್ಯಾಕಿಂಗ್ ಬಿಟ್ಟರೆ ಅಲ್ಲಿ ಹೆಚ್ಚಿನ ದಾರಿಯಿಲ್ಲ. ಫೋನಿನ ಪೋರ್ಟ್ರೇಟ್ ಮೋಡ್‌ಗೂ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಹಿನ್ನೆಲೆಯ ಮಸುಕನ್ನು ಲೆನ್ಸ್ ಬದಲು ಸಾಫ್ಟ್‌ವೇರ್ ಸೃಷ್ಟಿಸುತ್ತದೆ.

ಹಾಗೆಂದು ಆ್ಯಪನ್ನು ಅಳಿಸಿಹಾಕಬೇಡಿ. ಮನೆಯಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡು, ನೀವು ನಿಜವಾಗಿಯೂ ಬಳಸುವ ಎರಡು ಮೂರು ಫೋಕಲ್ ಲೆಂತ್‌ಗಳಿಗೆ 0.01 ಮಿತಿಯಲ್ಲಿ ಬರುವ ದೂರಗಳನ್ನು ನೋಡಿ ಚೀಟಿಯಲ್ಲಿ ಬರೆದುಕೊಂಡು ಕ್ಯಾಮೆರಾ ಚೀಲದಲ್ಲಿಡಿ. ದೂರದ ಗುರುತುಗಳ ಜೊತೆ ಅಪರ್ಚರ್ ಗೆರೆಗಳನ್ನೂ ಕೆತ್ತಿರುವ ಹಳೆಯ ಲೆನ್ಸ್ ಸಿಕ್ಕಿದರೆ ಚೀಟಿಯೂ ಬೇಕಾಗುವುದಿಲ್ಲ. ಮಿತಿಯನ್ನು ಅರ್ಧಕ್ಕೆ ಇಳಿಸುವುದೂ ಅಪರ್ಚರ್ ಗೆರೆಯನ್ನು ಎರಡು ಸ್ಟಾಪ್ (ಎಫ್ ಸಂಖ್ಯೆಗಳ ಸರಣಿಯಲ್ಲಿ ಎರಡು ಹಂತ) ಹಿಂದಕ್ಕೆ ಓದುವುದೂ ಒಂದೇ ಆದ್ದರಿಂದ, ಎಫ್ 11 ಇಟ್ಟುಕೊಂಡು ಎಫ್ 5.6ರ ಗೆರೆಗಳ ನಡುವಿನ ದೂರವನ್ನು ಓದಿಕೊಂಡರೆ ಸಾಕು. ಅವು ಫುಲ್ ಫ್ರೇಮ್‌ಗಾಗಿ ಕೆತ್ತಿದ ಗೆರೆಗಳಾದ್ದರಿಂದ ನಿಮ್ಮ ಎಪಿಎಸ್-ಸಿ ಕ್ಯಾಮೆರಾಕ್ಕೆ ಇನ್ನೊಂದು ಸ್ಟಾಪ್ ಹಿಂದಕ್ಕೆ, ಅಂದರೆ ಎಫ್ 4ರ ಗೆರೆಗಳಿಗೆ ಹೋಗಿ.